ಸೇರ್ವರಾಯನ್ ನೆತ್ತಿಯಲ್ಲಿ ಎರಡು ಮಿಲಿಮೀಟರ್

ಹಿಂದಿನ ಸಂಜೆ ನೋಡಿದಾಗ ಆ ಬೇರು ಸುಣ್ಣದಲ್ಲಿ ಅದ್ದಿ ತೆಗೆದ ದಾರದಂತೆ ಬೆಳ್ಳಗಿತ್ತು. ಮರದ ತೊಗಟೆಗೆ ಅಪ್ಪಿಕೊಂಡು ಒಂದು ಮೊಳದಷ್ಟು ಇಳಿದಿದ್ದ ಆರ್ಕಿಡ್ ಬೇರು ಅದು. ಒಂದು ಚಿತ್ರ ತೆಗೆದುಕೊಂಡು ಬಂದಿದ್ದೆ. ರಾತ್ರಿಯಿಡೀ ನವೆಂಬರ್ ಮಳೆ ಸುರಿಯಿತು. ಬೆಳಿಗ್ಗೆ ಏಳೂವರೆಗೆ ಅದೇ ಮರದ ಬುಡಕ್ಕೆ ಹೋದರೆ ಬೇರು ಹಸಿರಾಗಿದೆ. ಎಳೆ ಹುರುಳಿಕಾಯಿಯ ಹಸಿರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಒಂದೇ ಗಿಡವೆಂದು ಯಾರೂ ನಂಬುವುದಿಲ್ಲ.

ಮರದ ಮೇಲೆ ಬದುಕುವ ಆರ್ಕಿಡ್‌ಗಳ ಬೇರಿಗೆ ವೆಲಾಮೆನ್ ಎಂಬ ಹೊದಿಕೆ ಇರುತ್ತದೆ. ಅದು ಸತ್ತ ಕೋಶಗಳ ಸ್ಪಂಜು. ಒಣಗಿದ್ದಾಗ ಆ ಕೋಶಗಳ ತುಂಬ ಗಾಳಿ. ಬೆಳಕು ಕೋಶದ ಗೋಡೆಯಿಂದ ಗಾಳಿಗೆ, ಗಾಳಿಯಿಂದ ಮತ್ತೆ ಗೋಡೆಗೆ ದಾಟುವಾಗಲೆಲ್ಲ ಬಾಗಿ ಚದುರುತ್ತದೆ. ಎಲ್ಲ ಬಣ್ಣಗಳೂ ಸಮನಾಗಿ ಚದುರುವುದರಿಂದ ಬೇರು ಬಿಳಿಯಾಗಿ ಕಾಣುತ್ತದೆ. ಮಳೆ ಬಂದಾಗ ಸ್ಪಂಜು ನೀರು ಕುಡಿಯುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರು ಗಾಳಿಗಿಂತ ಕೋಶದ ಗೋಡೆಗೆ ಹೆಚ್ಚು ಹತ್ತಿರ. ಹಾಗಾಗಿ ಚದುರುವುದು ಕಡಿಮೆಯಾಗಿ ಹೊದಿಕೆ ಪಾರದರ್ಶಕವಾಗುತ್ತದೆ, ಒಳಗಿದ್ದ ಪತ್ರಹರಿತ್ತು ಹೊರಗೆ ಕಾಣುತ್ತದೆ. ಬಿಳಿ ಪಂಚೆ ಒದ್ದೆಯಾದರೆ ಮೈ ಕಾಣುವುದಕ್ಕೂ ಇದೇ ಕಾರಣ. ಬಿಸಿಲೇರಿ ಬೇರು ಆರುತ್ತಿದ್ದಂತೆ ಅದು ಮತ್ತೆ ಬೆಳ್ಳಗಾಗುತ್ತದೆ. ಬೇರಿನ ಬಣ್ಣವನ್ನು ನೋಡಿಯೇ ಗಿಡಕ್ಕೆ ಬಾಯಾರಿದೆಯೋ ಇಲ್ಲವೋ ಹೇಳಬಹುದು.

ನನ್ನ ಎರಡು ಚಿತ್ರಗಳಲ್ಲಿ ಯಾವುದು ನಿಜ? ಎರಡೂ. ಆದರೆ ಒಂದೊಂದಕ್ಕೂ ‘ಮಳೆಗೆ ಮುಂಚೆ’, ‘ಮಳೆಯ ಮರುದಿನ’ ಎಂಬ ಎರಡು ಪದ ಜೊತೆಗಿದ್ದರೆ ಮಾತ್ರ. ಏರ್ಕಾಡು ಎಂಬ ಬೆಟ್ಟದೂರಿನಲ್ಲಿ ಚಿತ್ರ ತೆಗೆಯುತ್ತ ಕಳೆದ ಆ ಮೂರು ದಿನಗಳಲ್ಲಿ ನಾನು ಕಲಿತದ್ದು ಬಹುಮಟ್ಟಿಗೆ ಇದನ್ನೇ.

ಬೆಂಗಳೂರಿನಿಂದ ಸೇಲಂ ಸುಮಾರು 200 ಕಿಲೋಮೀಟರ್. ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿದರೆ ಎದುರಿಗೆ ಗೋಡೆಯಂತೆ ನಿಲ್ಲುವುದೇ ಸೇರ್ವರಾಯನ್ ಬೆಟ್ಟಸಾಲು. ಬ್ರಿಟಿಷರ ಬಾಯಲ್ಲಿ ಅದು ಶೆವರಾಯ್ ಆಯಿತು. ಸೇಲಂ ಊರು ಸಮುದ್ರಮಟ್ಟದಿಂದ 300 ಮೀಟರ್‌ಗಿಂತ ಕಡಿಮೆ ಎತ್ತರದಲ್ಲಿದೆ. ಅಲ್ಲಿಂದ 20 ಹೇರ್‌ಪಿನ್ ತಿರುವುಗಳನ್ನು ಹತ್ತಿ ಏರ್ಕಾಡು ಸೇರುವ ಹೊತ್ತಿಗೆ 1,500 ಮೀಟರ್ ಎತ್ತರದ ಆಸುಪಾಸಿಗೆ ಬಂದಿರುತ್ತೇವೆ. ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಒಂದು ಗಂಟೆಯ ದಾರಿಯಲ್ಲಿ ಏಳೆಂಟು ಡಿಗ್ರಿ ಸೆಕೆ ಇಳಿದಿರುತ್ತದೆ. ಕಾರಿನ ಕಿಟಕಿಯಾಚೆ ಕುರುಚಲು ಮುಳ್ಳುಕಾಡು ಬಿದಿರಿಗೆ, ಬಿದಿರು ಎಲೆ ಉದುರಿಸುವ ಮರಗಳಿಗೆ, ಆ ಮರಗಳು ಕಾಫಿ ತೋಟ ಮತ್ತು ಹಸಿರು ಮುಚ್ಚಿಗೆಯ ಕಾಡಿಗೆ ಜಾಗ ಬಿಟ್ಟುಕೊಡುತ್ತವೆ.

ಕನ್ನಡಿಗರಿಗೆ ಏರ್ಕಾಡು ಎಂಬ ಹೆಸರಿನಲ್ಲಿ ಒಂದು ಸೊಗಸಿದೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಕಟ್ಟೆಯ ಮೇಲೆ ನಿಂತವರು ನಾವು, ನೀರಿಗೆ ಇಳಿದವರು ಅವರು. ಕೆರೆಯೂ ಕಾಡೂ ಸೇರಿ ಏರ್ಕಾಡು. ಬೆಟ್ಟದ ನೆತ್ತಿಯ ಗುಹೆಯಲ್ಲಿ ಸೇರ್ವರಾಯನ ಜೊತೆ ಪೂಜೆಗೊಳ್ಳುವ ದೇವಿಯ ಹೆಸರು ಕಾವೇರಿ. ಇತ್ತ ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲಿನ ಹೆಸರಿನಲ್ಲಿ ಹೊಗೆಯೂ ಕಲ್ಲೂ ಅಚ್ಚಗನ್ನಡದಲ್ಲೇ ಉಳಿದಿವೆ. ಕೆನೆತ್ ಆ್ಯಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಈ ಸೀಮೆಯ ಕಾಡುಗಳು ನಮ್ಮ ಓದುಗರಿಗೆ ಹತ್ತಿರದ ನೆಂಟರಾದವು. ಆ್ಯಂಡರ್ಸನ್ ಬರೆಯತೊಡಗಿದ ಕಾಲಕ್ಕೆ ಇದೆಲ್ಲ ಒಂದೇ ಸೇಲಂ ಜಿಲ್ಲೆ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ನಮ್ಮ ಕಾರಿನ ಚಾಲಕರು ಪೆನ್ನಾಗರದ ಕಡೆಯವರು, ಮನೆಮಾತು ಕನ್ನಡ. ಹುಲಿಯ ಕತೆಗಳನ್ನು ಅವರು ಅಜ್ಜನ ಬಾಯಲ್ಲಿ ಕೇಳಿದ್ದರಂತೆ, ಪುಸ್ತಕದಲ್ಲಿ ಅಲ್ಲ.

ಇದು ಆಗುಂಬೆಯಂಥ ಮಳೆಕಾಡಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪೂರ್ವಘಟ್ಟ ಒಂದೇ ಸಮನೆ ಎದ್ದುನಿಂತ ಗೋಡೆಯಲ್ಲ. ನದಿಗಳು ಕತ್ತರಿಸಿ ಬಿಟ್ಟ ತುಂಡು ತುಂಡು ಬೆಟ್ಟಗಳ ಸಾಲು. ಸೇರ್ವರಾಯನ್, ಕೊಲ್ಲಿಮಲೈ, ಚಿತ್ತೇರಿ, ಕಲ್ವರಾಯನ್ ಒಂದೊಂದೂ ಸುಡುವ ಬಯಲಿನ ನಡುವೆ ಎದ್ದ ದ್ವೀಪ. ಕೆಳಗೆ ಮಳೆಗೆ ಬರ, ನೆತ್ತಿಯಲ್ಲಿ ಮಂಜು. ಎರಡು ಮಳೆಗಾಲಗಳೂ ಒಂದಿಷ್ಟು ನೀರು ಕೊಟ್ಟು ಹೋಗುವುದರಿಂದ ಎತ್ತರದ ಕಣಿವೆಗಳ ಮಡಿಕೆಯಲ್ಲಿ ಮಾತ್ರ ಅರೆ ನಿತ್ಯಹರಿದ್ವರ್ಣ ಕಾಡು ಉಳಿದುಕೊಂಡಿದೆ. ಉಳಿದದ್ದರಲ್ಲೂ ಬಹುಪಾಲು ಕಾಫಿಗೆ ಹೋಯಿತು. 1820ರ ದಶಕದಲ್ಲಿ ಸೇಲಂನ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಇಲ್ಲಿಗೆ ಕಾಫಿ ತಂದ. ನೆರಳಿಗೆಂದು ಆಸ್ಟ್ರೇಲಿಯಾದ ಸಿಲ್ವರ್ ಓಕ್ ಆಮೇಲೆ ಬಂತು. ದೂರದಿಂದ ನೋಡಿದರೆ ಎಲ್ಲವೂ ಹಸಿರೇ. ಹತ್ತಿರ ಹೋದಾಗಲೇ ಯಾವುದು ತೋಟ, ಯಾವುದು ಕಾಡು ಎಂದು ತಿಳಿಯುವುದು.

ಅಂಥ ಒಂದು ಮಡಿಕೆಯೊಳಗೆ ಕ್ಯಾಮೆರಾ ಹಿಡಿದು ನಿಂತವರಿಗೆ ಮೊದಲ ತೊಡಕು ಬೆಳಕಿನದು. ನಮ್ಮ ಕಣ್ಣು ಕತ್ತಲಿಗೆ ಎಷ್ಟು ಸಲೀಸಾಗಿ ಹೊಂದಿಕೊಳ್ಳುತ್ತದೆಂದರೆ ಕಾಡೊಳಗೆ ಎಷ್ಟು ಕತ್ತಲಿದೆ ಎಂಬುದೇ ಗೊತ್ತಾಗುವುದಿಲ್ಲ. ದಟ್ಟ ಮಳೆಕಾಡಿನಲ್ಲಿ ಮರಗಳ ತಲೆಯ ಮೇಲೆ ಬೀಳುವ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ನಡು ಬಿಸಿಲಿನಲ್ಲಿ ಐಎಸ್ಒ 100, ಅಪರ್ಚರ್ ಎಫ್/16 ಇಟ್ಟರೆ ಸೆಕೆಂಡಿನ ನೂರನೇ ಒಂದು ಭಾಗದ ಶಟರ್ ಸಾಕು. ಇದು ರೀಲಿನ ಕಾಲದಿಂದ ಬಂದ ನಿಯಮ. ಬೆಳಕು ನೂರರಲ್ಲಿ ಒಂದಕ್ಕೆ ಇಳಿದರೆ ಶಟರ್ ಒಂದು ಸೆಕೆಂಡ್ ತೆರೆದಿರಬೇಕು. ಇನ್ನು ಹೂವನ್ನು ಅದರ ನಿಜಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸುವಷ್ಟು ಹತ್ತಿರ ಹೋದರೆ, ಲೆನ್ಸಿನಿಂದ ಬಂದ ಬೆಳಕು ಹೆಚ್ಚು ದೂರಕ್ಕೆ ಹರಡಿ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಈಗ ನಾಲ್ಕು ಸೆಕೆಂಡ್. ಅಷ್ಟು ಹೊತ್ತು ಕಾಡಿನ ಯಾವ ಎಲೆಯೂ ಅಲುಗದೆ ನಿಲ್ಲುವುದಿಲ್ಲ. ಐಎಸ್ಒವನ್ನು 1600ಕ್ಕೆ ಏರಿಸಿದರೂ ಕಾಲು ಸೆಕೆಂಡ್ ಬೇಕು.

ಅದಕ್ಕೇ ಎಲ್ಲರೂ ಫ್ಲ್ಯಾಷ್ ಹಚ್ಚುತ್ತಾರೆ. ಫ್ಲ್ಯಾಷಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಒಂದು ಗೇಣು ದೂರದಲ್ಲಿರುವ ಹೂವಿಗೆ ತಕ್ಕಷ್ಟು ಬೆಳಕು ಕೊಟ್ಟರೆ, ಹತ್ತು ಗೇಣು ದೂರದಲ್ಲಿರುವ ಮರಕ್ಕೆ ಅದರ ನೂರನೇ ಒಂದು ಪಾಲು ಮಾತ್ರ ತಲುಪುತ್ತದೆ. ಹೂವು ಹೊಳೆಯುತ್ತದೆ, ಹಿನ್ನೆಲೆ ಕಪ್ಪಾಗುತ್ತದೆ. ಪತ್ರಿಕೆಗಳಲ್ಲಿ ನಾವು ನೋಡುವ ಎಷ್ಟೋ ಆರ್ಕಿಡ್ ಚಿತ್ರಗಳು ನಡುರಾತ್ರಿ ತೆಗೆದಂತೆ ಕಾಣುವುದು ಇದರಿಂದಲೇ. ನನಗೆ ಆ ಚಿತ್ರಗಳು ಹಿಡಿಸುವುದಿಲ್ಲ. ಗಿಡ ಯಾವ ಮರದ ಮೇಲಿದೆ, ನೆರಳಲ್ಲೋ ಬಿಸಿಲಲ್ಲೋ, ಪಾಚಿ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಆ ಕಪ್ಪು ನುಂಗಿಬಿಡುತ್ತದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಶಟರನ್ನು ನಿಧಾನ ಮಾಡಿ ಕಾಡಿನ ಬೆಳಕನ್ನೂ ಒಳಗೆ ಬಿಟ್ಟು, ಫ್ಲ್ಯಾಷನ್ನು ತೆಳುವಾದ ಬಿಳಿ ಹಾಳೆಯ ಹಿಂದಿನಿಂದ ಮೆಲ್ಲಗೆ ತಾಕಿಸಿದರೆ ಹೂವಿನ ಜೊತೆ ಅದರ ಮನೆಯೂ ಚಿತ್ರದೊಳಗೆ ಉಳಿಯುತ್ತದೆ.

ಆ ಬೆಳಿಗ್ಗೆ ನನ್ನೆದುರಿಗಿದ್ದದ್ದು ಒಬೆರೋನಿಯ ಕುಲದ ಆರ್ಕಿಡ್. ಬೀಸಣಿಗೆಯಂತೆ ಒಂದೇ ಮಟ್ಟದಲ್ಲಿ ಹರಡಿದ ಚಪ್ಪಟೆ ಎಲೆಗಳು, ಅವುಗಳ ನಡುವಿನಿಂದ ಇಲಿಬಾಲದಂತೆ ಇಳಿಬಿದ್ದ ಹೂಗೊಂಚಲು. ಬರಿಗಣ್ಣಿಗೆ ಅದು ರಾಗಿಕಾಳು ಪೋಣಿಸಿದ ಸರ. ಒಂದೊಂದು ಕಾಳೂ ಒಂದು ಪೂರ್ತಿ ಹೂವು: ಮೂರು ಪುಷ್ಪಪತ್ರ, ಎರಡು ದಳ, ನಡುವೆ ಅಂಚು ಹರಿದಂಥ ತುಟಿ, ಅದರ ಮೇಲೆ ಪರಾಗದ ಪುಟ್ಟ ಗಂಟು. ಎಲ್ಲವೂ ಒಂದೆರಡು ಮಿಲಿಮೀಟರಿನೊಳಗೆ.

ಇಷ್ಟು ಹತ್ತಿರದಲ್ಲಿ ಲೆನ್ಸ್ ತೀರ ಜಿಪುಣ. ನಿಜಗಾತ್ರದ ಚಿತ್ರದಲ್ಲಿ ಎಫ್/16 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡು ಮಿಲಿಮೀಟರ್. ಮುಂದಿನ ಹೂವು ಸ್ಪಷ್ಟವಾದರೆ ಹಿಂದಿನದು ಮಂಜು. ಅಪರ್ಚರನ್ನು ಇನ್ನೂ ಕಿರಿದು ಮಾಡಿದರೆ ಆಳ ಹೆಚ್ಚುತ್ತದಲ್ಲ ಎನ್ನಬಹುದು. ಹೆಚ್ಚುತ್ತದೆ, ಆದರೆ ಬೆಳಕು ಅಲೆಯ ರೂಪದ್ದು. ಕಿರಿದಾದ ಕಂಡಿಯಲ್ಲಿ ತೂರುವಾಗ ಅದು ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಚುಕ್ಕೆಯಾಗಿ ಮೂಡಬೇಕಾದದ್ದು ಸಣ್ಣ ಬಿಲ್ಲೆಯಾಗುತ್ತದೆ. ನಿಜಗಾತ್ರದ ಚಿತ್ರದಲ್ಲಿ ಎಫ್/8ರಲ್ಲಿ ಆ ಬಿಲ್ಲೆಯ ಅಗಲ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು, ಎಫ್/16ಕ್ಕೆ ಬಂದರೆ ಅದರ ಎರಡರಷ್ಟು. ಒಂದನ್ನು ಪಡೆಯಲು ಹೋದರೆ ಇನ್ನೊಂದನ್ನು ಕಳೆದುಕೊಳ್ಳಲೇಬೇಕು. ಎಷ್ಟು ಲಕ್ಷದ ಲೆನ್ಸ್ ಕೊಂಡರೂ ಈ ನಿಯಮ ಬದಲಾಗುವುದಿಲ್ಲ. ಉಳಿದ ದಾರಿ ಒಂದೇ: ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಒಂದೊಂದರ ಸ್ಪಷ್ಟ ಭಾಗವನ್ನು ಕಂಪ್ಯೂಟರಿನಲ್ಲಿ ಹೆಣೆಯುವುದು. ಗಾಳಿ ನಿಲ್ಲುವವರೆಗೆ ಕಾಯಬೇಕು. ನಾನು ಒಂದು ಗಂಟೆ ಹತ್ತು ನಿಮಿಷ ಕಾದೆ.

ಕಾದದ್ದಕ್ಕೆ ಫಲ ಸಿಕ್ಕಿತು, ಆದರೆ ಅಂದುಕೊಂಡ ಹಾಗಲ್ಲ. ಊರಿಗೆ ಬಂದು ಆರ್ಕಿಡ್ ಬಲ್ಲ ಸ್ನೇಹಿತರೊಬ್ಬರಿಗೆ ಚಿತ್ರ ತೋರಿಸಿದೆ. ಚಿತ್ರವನ್ನು ಮೆಚ್ಚಿಕೊಂಡ ಅವರು, ‘ತುಟಿಯನ್ನು ನೇರ ಎದುರಿನಿಂದ ತೆಗೆದಿದ್ದೀರಾ? ಎಲೆಯ ಬುಡದಲ್ಲಿ ಗಂಟಿದೆಯಾ? ಗೊಂಚಲಿನ ಉದ್ದ ಎಷ್ಟು?’ ಎಂದು ಕೇಳಿದರು. ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಒಂದೇ ಕೋನದಿಂದ ಮೂವತ್ತು ಚಿತ್ರ ತೆಗೆದಿದ್ದೆ. ಮೂರು ಕೋನಗಳಿಂದ ಒಂದೊಂದು ತೆಗೆದಿದ್ದರೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದಿದ್ದರೆ ಆ ಗಿಡಕ್ಕೆ ಹೆಸರು ಸಿಗುತ್ತಿತ್ತು. ಅದು ಇವತ್ತಿಗೂ ನನ್ನ ಕಡತದಲ್ಲಿ ‘ಒಬೆರೋನಿಯ, ಪ್ರಭೇದ ತಿಳಿಯದು’ ಎಂದೇ ಇದೆ.

ಹೂ ಬಿಡುವ ಸಣ್ಣ ಗಿಡಗಳೆಂದರೆ ಆರ್ಕಿಡ್ ಮಾತ್ರ ಎಂದುಕೊಂಡು ತಲೆ ಬಗ್ಗಿಸಿಯೇ ನಡೆದರೆ ಒಂದು ವಿಶೇಷ ತಪ್ಪಿಹೋಗುತ್ತದೆ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದಲ್ಲಿ ನಮಗೆ ಗೊತ್ತಿರುವುದೆಲ್ಲ ಮೊಣಕಾಲೆತ್ತರದ, ಎದೆಯೆತ್ತರದ ಗಿಡಗಳು. ಇಲ್ಲಿ ಅದೇ ಕುಟುಂಬದ ಒಂದು ಮರವಿದೆ. ಹೆಸರಲ್ಲೇ ಬೆಟ್ಟವನ್ನು ಹೊತ್ತ ವೆರ್ನೋನಿಯ ಶೆವರಾಯೆನ್ಸಿಸ್. ಮದರಾಸ್ ಪ್ರಾಂತ್ಯದ ಸಸ್ಯಗಳನ್ನು ಪುಸ್ತಕಕ್ಕೆ ಇಳಿಸಿದ ಗ್ಯಾಂಬಲ್ ಅದಕ್ಕೆ ಹೆಸರಿಟ್ಟ. ಏರ್ಕಾಡಿನಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಉದ್ಯಾನವನ್ನು ಕಾಡಿಗೆ ಕಾಲಿಡುವ ಮೊದಲೇ ನೋಡಿಬಿಡುವುದು ಒಳ್ಳೆಯದು. ದಕ್ಷಿಣ ಭಾರತದ ಆರ್ಕಿಡ್‌ಗಳನ್ನು ಒಂದೆಡೆ ಬೆಳೆಸಿ ಅಧ್ಯಯನ ಮಾಡಲು 1960ರ ದಶಕದಲ್ಲಿ ಕಟ್ಟಿದ್ದು ಅದು. ಕಣ್ಣಿಗೆ ಪರಿಚಯವಾದದ್ದೇ ಕಾಡಿನಲ್ಲಿ ಕಣ್ಣಿಗೆ ಬೀಳುವುದು.

ಎರಡನೇ ದಿನ ಮಧ್ಯಾಹ್ನ ಚಾಲಕರು ಕರೆದರು. ‘ಸಾರ್, ಆ ಬಂಡೆ ಸಂದೀಲಿ ಏನೋ ಆಡ್ತಾ ಐತೆ ನೋಡಿ.’

ಈ ಬೆಟ್ಟದ ಬಂಡೆ ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಕಲ್ಲು ಇದೇ ಜಾತಿಯ ಶಿಲೆಯದು ಎಂಬ ಕಾರಣಕ್ಕೆ ಭೂವಿಜ್ಞಾನಿ ಹಾಲೆಂಡ್ ಇಟ್ಟ ಹೆಸರು ಅದು. ಹಳೆಯ ಗಟ್ಟಿ ಕಲ್ಲು. ಮಾಸಲು ಎಣ್ಣೆಯ ಹೊಳಪಿನ ಆ ಬಂಡೆಯ ಬಿರುಕಿನಿಂದ ಹೆಬ್ಬೆರಳುದ್ದದ ಹಲ್ಲಿಯೊಂದು ತಲೆ ಹೊರಹಾಕಿತ್ತು. ಮೈಬಣ್ಣ ಕಲ್ಲಿನದೇ, ಕಲ್ಲುಹೂವಿನ ಮಚ್ಚೆಗಳ ಸಮೇತ. ಲೆನ್ಸನ್ನು ನಿಧಾನವಾಗಿ ಹತ್ತಿರ ಒಯ್ದೆ. ಕಣ್ಣಿನ ಪಾಪೆ ದುಂಡಗಿತ್ತು. ಮನೆಯ ಗೋಡೆಯ ಹಲ್ಲಿಗೆ ಹಗಲಿನಲ್ಲಿ ಪಾಪೆ ಬೆಕ್ಕಿನಂತೆ ಸೀಳುಗೆರೆಯಾಗಿರುತ್ತದೆ, ಏಕೆಂದರೆ ಅದು ರಾತ್ರಿಯ ಬೇಟೆಗಾರ. ದುಂಡು ಪಾಪೆ ಹಗಲಿನಲ್ಲಿ ಓಡಾಡುವ ಹಲ್ಲಿಯ ಗುರುತು. ಬೆರಳುಗಳ ಕೆಳಗೆ ಮನೆಹಲ್ಲಿಗಿರುವ ಅಗಲವಾದ ಅಂಟುಪಟ್ಟಿಯೂ ಇರಲಿಲ್ಲ, ಸಣಕಲು ಉಗುರುಗಳಷ್ಟೇ. ನೆಮಾಸ್ಪಿಸ್ ಕುಲದ್ದು ಎನ್ನಲು ಇಷ್ಟು ಸಾಕು.

ಆದರೆ ಯಾವ ನೆಮಾಸ್ಪಿಸ್? 2000ದಲ್ಲಿ ಇಂದ್ರನೀಲ್ ದಾಸ್ ಮತ್ತು ಆ್ಯರನ್ ಬಾಯರ್ ಈ ಊರಿನ ಹೆಸರಲ್ಲೇ ನೆಮಾಸ್ಪಿಸ್ ಏರ್ಕಾಡೆನ್ಸಿಸ್ ಎಂಬ ಪ್ರಭೇದವನ್ನು ಗುರುತಿಸಿದರು. ಎಲ್ಲರೂ ಅದೊಂದೇ ಎಂದುಕೊಂಡಿರುವಾಗ 2019ರಲ್ಲಿ ಇದೇ ಬೆಟ್ಟಸಾಲಿನಿಂದ ಇನ್ನೆರಡು ಹೊಸ ಪ್ರಭೇದಗಳು ಬಂದವು, ಅವುಗಳಲ್ಲೊಂದರ ಹೆಸರು ಶೆವರಾಯೆನ್ಸಿಸ್. ಒಂದೇ ಬೆಟ್ಟ, ಮೂರು ಹಗಲುಹಲ್ಲಿಗಳು. ತಂಪು ಬಂಡೆಗಳ ಸಂದಿಗೆ ಒಗ್ಗಿಹೋದ ಇಂಥ ಜೀವಿಗಳು ಸುಡುವ ಬಯಲನ್ನು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಲಾರವು. ಲಕ್ಷಾಂತರ ವರ್ಷ ತಮ್ಮಷ್ಟಕ್ಕೆ ಇದ್ದುಕೊಂಡು ಬೇರೆಬೇರೆಯಾಗುತ್ತವೆ. ಅವುಗಳನ್ನು ಬಿಡಿಸಿ ಹೇಳುವ ಗುರುತುಗಳೋ ಬೆನ್ನಿನ ಹುರುಪೆಗಳ ಜೋಡಣೆ, ಪಕ್ಕೆಯ ಮುಳ್ಳುಗಂಟುಗಳು, ಗಂಡಿನ ತೊಡೆಯ ಅಡಿಯಲ್ಲಿರುವ ರಂಧ್ರಗಳ ಎಣಿಕೆ, ಜೊತೆಗೆ ಡಿಎನ್ಎ. ಬಂಡೆಗೆ ಅವಚಿ ಕುಳಿತ ಹಲ್ಲಿಯ ತೊಡೆಯಡಿ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಹಿಡಿದು ತಿರುವಿ ನೋಡುವುದಕ್ಕೆ ಅನುಮತಿ ಪಡೆದ ಸಂಶೋಧಕರಿದ್ದಾರೆ, ಅದು ನಮ್ಮ ಕೆಲಸವಲ್ಲ. ಬೆನ್ನು, ಪಕ್ಕೆ, ತಲೆಯನ್ನು ಸ್ಪಷ್ಟವಾಗಿ ತೆಗೆದು, ಎತ್ತರವನ್ನೂ ಹೊತ್ತನ್ನೂ ಬರೆದಿಟ್ಟು ‘ನೆಮಾಸ್ಪಿಸ್’ ಎಂಬಲ್ಲಿಗೆ ನಿಲ್ಲಿಸುವುದೇ ಸರಿ. ಗೊತ್ತಿಲ್ಲದ ಪ್ರಭೇದದ ಹೆಸರನ್ನು ಅಂಟಿಸಿದರೆ ಒಳ್ಳೆಯ ಚಿತ್ರವೂ ಸುಳ್ಳುಸಾಕ್ಷಿಯಾಗುತ್ತದೆ.

ಕಲ್ಲುಗಳ ಬಗ್ಗೆ ಒಂದು ಮಾತು. 1870ರಲ್ಲಿ ಬೆಡ್ಡೋಮ್ ಎಂಬ ಅರಣ್ಯಾಧಿಕಾರಿ ಇದೇ ಬೆಟ್ಟದಿಂದ ಇನ್ನೊಂದು ತೆಳುಮೈಯ ಹಲ್ಲಿಯನ್ನು ವಿವರಿಸಿದ. ಅದು ಅವನಿಗೆ ಸಿಕ್ಕಿದ್ದು ಕಲ್ಲುಗಳ ಅಡಿಯಲ್ಲಿ. ಇಂದಿಗೂ ಫೋಟೊ ತೆಗೆಯುವವರು ಕಲ್ಲು ಮಗುಚುತ್ತಾರೆ, ಮಗುಚಿ ಹಾಗೇ ಹೋಗಿಬಿಡುತ್ತಾರೆ. ಅಡಿಯಲ್ಲಿದ್ದ ತೇವ ಒಂದೇ ಮಧ್ಯಾಹ್ನದಲ್ಲಿ ಆರಿ ಹೋಗುತ್ತದೆ, ಮೊಟ್ಟೆಗಳಿದ್ದರೆ ಒಣಗುತ್ತವೆ. ಈ ಬೆಟ್ಟದ ಬುಡಕಟ್ಟು ಜನ ಮಲಯಾಳಿಗಳು. ಕೇರಳದವರಲ್ಲ, ಮಲೆಯ ಜನ ಎಂಬ ಅರ್ಥದ ಮಲಯಾಳಿಗಳು, ಮಾತಾಡುವುದು ತಮಿಳು. ಅವರಲ್ಲೊಬ್ಬ ಹಿರಿಯರು ನಾನು ಕಲ್ಲಿಗೆ ಕೈಹಾಕಿದ್ದನ್ನು ನೋಡಿ ಏನೋ ಅಂದರು. ‘ಎತ್ತಿದ ಕೈಯೇ ಮುಚ್ಚಬೇಕಂತೆ ಸಾರ್’ ಎಂದು ಚಾಲಕರು ತಿಳಿಸಿದರು. ನಾನು ಕಲ್ಲಿನಿಂದ ಕೈ ತೆಗೆದೆ.

ಕೊನೆಯ ದಿನ ತೋಟದ ದಾರಿಯಲ್ಲಿ ಒಂದು ಹಾವು ಸತ್ತು ಬಿದ್ದಿತ್ತು. ಯಾವುದೋ ವಾಹನ ಹಾಯ್ದಿತ್ತು. ಚೂಪು ಮೂತಿ, ಮೊಂಡಾಗಿ ಓರೆಗೆ ಕತ್ತರಿಸಿದಂಥ ಬಾಲ: ಗುರಾಣಿಬಾಲದ ಹಾವು. ಮಣ್ಣೊಳಗೆ ಎರೆಹುಳು ತಿಂದುಕೊಂಡು ಬದುಕುವ, ಯಾರಿಗೂ ಕೇಡು ಮಾಡದ ಜೀವಿ. ಮಳೆ ಬಂದು ಬಿಲದ ಮಣ್ಣು ತೊಯ್ದಾಗ ಮೇಲೆ ಬರುತ್ತದೆ, ದಾರಿ ದಾಟುವಾಗ ಸಾಯುತ್ತದೆ. ಬಾಗಿ ನೋಡಿದರೆ ಕಂದು ಮೈಮೇಲೆ ನೀಲಿ ಹರಿಯಿತು. ತಲೆಯನ್ನು ಸ್ವಲ್ಪ ಸರಿಸಿದೆ, ನೀಲಿ ಹೋಗಿ ನೇರಳೆ. ಇನ್ನಷ್ಟು ಸರಿಸಿದರೆ ಬರೀ ಕಂದು. ಹುರುಪೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಿನ್ಯಾಸವಿದೆ. ಕೆಸರು ಮೈಗೆ ಮೆತ್ತದಂತೆ ಜಾರಿಸುವುದು ಅದರ ಕೆಲಸ. ಅದೇ ವಿನ್ಯಾಸ ಬೆಳಕಿನ ಅಲೆಗಳನ್ನು ಒಡೆದು, ನೋಡುವ ಕೋನಕ್ಕೆ ತಕ್ಕಂತೆ ಒಂದೊಂದು ಬಣ್ಣವನ್ನು ಕಳಿಸುತ್ತದೆ. ಅಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಒಂದೇ ಚಿತ್ರ ತೋರಿಸಿ ‘ಈ ಹಾವು ನೀಲಿ’ ಎಂದರೆ ಅದು ಹಾವಿನ ಬಣ್ಣವಲ್ಲ, ನಾನು ನಿಂತ ಜಾಗದ ಬಣ್ಣ.

1863ರಲ್ಲಿ ಬೆಡ್ಡೋಮ್ ಈ ಬೆಟ್ಟದ ಗುರಾಣಿಬಾಲಕ್ಕೆ ಮದರಾಸಿನ ವೈದ್ಯ ಜಾನ್ ಶಾರ್ಟ್‌ನ ಹೆಸರಿಟ್ಟು ಬೇರೆ ಪ್ರಭೇದವೆಂದ. ಆಮೇಲೆ ಬಂದವರು ಅದನ್ನು ಪಶ್ಚಿಮಘಟ್ಟದ ಇನ್ನೊಂದು ಹಾವಿನ ಜೊತೆ ಸೇರಿಸಿಬಿಟ್ಟರು. ಹೆಸರು ಮರೆಯಾಯಿತು. 2014ರಲ್ಲಿ ಎಸ್.ಆರ್. ಗಣೇಶ್ ಮತ್ತು ಸಂಗಡಿಗರು ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿ ಅದು ಬೇರೆಯದೇ ಎಂದು ತೋರಿಸಿಕೊಟ್ಟರು, ಯುರೋಪೆಲ್ಟಿಸ್ ಶಾರ್ಟಿ ಮತ್ತೆ ಬದುಕಿತು. ದಾರಿಯಲ್ಲಿ ಸತ್ತ ಹಾವಿನ ಚಿತ್ರ ಯಾರ ಗೋಡೆಯ ಮೇಲೂ ತೂಗುವುದಿಲ್ಲ. ಆದರೆ ಬೆನ್ನು, ಹೊಟ್ಟೆ, ತಲೆಯ ಮೇಲ್ಭಾಗ, ಬಾಲದ ತುದಿ ಎಲ್ಲವನ್ನೂ ಅಳತೆಪಟ್ಟಿಯ ಪಕ್ಕದಲ್ಲಿ ತೆಗೆಯಲು ಸಿಕ್ಕ ಒಂದೇ ಅವಕಾಶ ಅದು. ಆ ಮೂರು ದಿನಗಳಲ್ಲಿ ನಾನು ತೆಗೆದ ಅತ್ಯಂತ ಉಪಯುಕ್ತ ಚಿತ್ರಗಳು ಅವೇ ಎಂದು ನನಗನ್ನಿಸುತ್ತದೆ.

ಇಳಿಯುವಾಗ ಕೆಳಗಿನ ತಿರುವೊಂದರ ಒಣ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಕೂಗಿತು. ನಮ್ಮ ನಂದಿಬೆಟ್ಟದಲ್ಲಿ ಹಕ್ಕಿ ನೋಡುವವರು ಮುಂಜಾನೆ ಹುಡುಕಿಕೊಂಡು ಹೋಗುವುದು ಇದನ್ನೇ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಚಿತ್ರ ತೆಗೆಯುವಷ್ಟರಲ್ಲಿ ಪೊದೆಯೊಳಗೆ ಹೋಯಿತು. ದಿನ, ಹೊತ್ತು, ತಿರುವಿನ ಸಂಖ್ಯೆ ಬರೆದುಕೊಂಡೆ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆಯವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಒತ್ತುವ ಮೊದಲು ಯೋಚಿಸಲೇಬೇಕಿತ್ತು. ಈಗ ಜೇಬಿನ ಮೊಬೈಲಿನಲ್ಲೇ ಎಲೆಯ ನರ ಎಣಿಸುವಷ್ಟು ಸ್ಪಷ್ಟ ಚಿತ್ರ ಬರುತ್ತದೆ. ಪಶ್ಚಿಮಘಟ್ಟಕ್ಕೆ ಸಿಕ್ಕ ಕಣ್ಣುಗಳಲ್ಲಿ ಸ್ವಲ್ಪ ಪಾಲೂ ಪೂರ್ವಘಟ್ಟದ ಈ ಬೆಟ್ಟಗಳಿಗೆ ಸಿಕ್ಕಿಲ್ಲ. ಬೆಂಗಳೂರಿನಿಂದ ನಾಲ್ಕೈದು ಗಂಟೆಯ ದಾರಿ. ನೀವು ಹೋದರೆ ಹೂವಿನ ಜೊತೆ ಎಲೆಯ ಎರಡೂ ಮಗ್ಗುಲನ್ನು, ತೊಗಟೆಯನ್ನು, ಇಡೀ ಗಿಡ ನಿಂತ ಜಾಗವನ್ನು ತೆಗೆಯಿರಿ. ದಿನಾಂಕವನ್ನೂ ಎತ್ತರವನ್ನೂ ಬರೆಯಿರಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ಕಡೆ ಹಾಕಿ, ಬಲ್ಲವರು ಹೆಸರು ಹೇಳುತ್ತಾರೆ. ಆದರೆ ಆರ್ಕಿಡ್ ಅಥವಾ ಅಪರೂಪದ ಹಲ್ಲಿಯಾದರೆ ನಿಖರ ಜಾಗವನ್ನು ಸಾರ್ವಜನಿಕವಾಗಿ ತೋರಿಸಬೇಡಿ. ನಿಮ್ಮ ಹಿಂದೆಯೇ ಬುಟ್ಟಿ ಹಿಡಿದು ಬರುವವರೂ ಇದ್ದಾರೆ. ಮಳೆ ನಿಂತ ಬೆಳಿಗ್ಗೆ ತೋಟದ ದಾರಿಯಲ್ಲಿ ಗಾಡಿಯನ್ನು ನಿಧಾನವಾಗಿ ಓಡಿಸಿ. ಅಲ್ಲಿ ದಾರಿ ದಾಟುವ ಶಾರ್ಟಿ ಹಾವಿಗೆ, ಈವರೆಗೆ ತಿಳಿದಿರುವಂತೆ, ಈ ಒಂದು ಬೆಟ್ಟಸಾಲು ಬಿಟ್ಟರೆ ಬೇರೆ ನೆಲೆಯಿಲ್ಲ.